ಒಂದೇ ವೈಜ್ಞಾನಿಕ ಕಾದಂಬರಿಯನ್ನು ಅಂಚೆಯಲ್ಲಿ ಹಲವು ದೇಶಗಳ ಓದುಗರಿಗೆ ದಾಟಿಸುವುದು ಹೇಗೆ?

ಧೂಮಕೇತು (ಪ್ರಶ್ನೆ)

ಮರುಮುದ್ರಣ ಕಾಣದ ಒಂದು ವೈಜ್ಞಾನಿಕ ಕಾದಂಬರಿಯ ಪ್ರತಿ ನನ್ನಲ್ಲಿದೆ. ಹಲವು ತಲೆಮಾರುಗಳ ಕಾಲ ಸಾಗುವ ಅಂತರಿಕ್ಷ ನೌಕೆಯೊಂದರ ಕಥೆ ಅದು. ಅದರ ಬಗ್ಗೆ ಹಿಂದೊಮ್ಮೆ ಇಲ್ಲಿ ಬರೆದಾಗ, ಬೇರೆ ಬೇರೆ ದೇಶಗಳಲ್ಲಿ ನೆಲೆಸಿರುವ ಹನ್ನೆರಡು ಮಂದಿ ಅದು ಓದಲು ಸಿಗುವುದೇ ಎಂದು ವಿಚಾರಿಸಿದರು. ಹಳೆಯ ಪುಸ್ತಕಗಳ ಮಾರುಕಟ್ಟೆಯಲ್ಲಿ ಅದು ಆಗೊಮ್ಮೆ ಈಗೊಮ್ಮೆ ಕಾಣಿಸಿಕೊಳ್ಳುತ್ತದೆಯೇ ಹೊರತು, ಎಲ್ಲರೂ ಒಂದೊಂದು ಪ್ರತಿ ಕೊಳ್ಳುವಷ್ಟು ಸಿಗುವುದಿಲ್ಲ. ಆದ್ದರಿಂದ ನನ್ನ ಪ್ರತಿಯನ್ನೇ ಅಂಚೆಯಲ್ಲಿ ಕಳುಹಿಸಿ, ಓದಿದವರು ಮುಂದಿನವರಿಗೆ ದಾಟಿಸಿ, ಕೊನೆಗೆ ಅದು ನನ್ನ ಕಪಾಟಿಗೆ ಮರಳುವಂತೆ ಮಾಡಬೇಕೆಂದುಕೊಂಡಿದ್ದೇನೆ.

ಪುಸ್ತಕ ಸುಮಾರು ಮುನ್ನೂರೈವತ್ತು ಪುಟಗಳದ್ದು, ತೆಳು ರಟ್ಟಿನ ಹೊದಿಕೆಯದ್ದು. ಕಾಗದ ಹಳದಿಗಟ್ಟಿದ್ದರೂ ಹೊಲಿಗೆಯಿಲ್ಲದ ಅಂಟಿನ ಬೈಂಡಿಂಗ್ ಸದ್ಯಕ್ಕೆ ಗಟ್ಟಿಯಾಗಿದೆ. ಓದಿದವರು ತಮ್ಮ ಅನಿಸಿಕೆಗಳನ್ನು ಬರೆಯಲೆಂದು ಒಂದು ತೆಳುವಾದ ನೋಟ್‌ಬುಕ್ಕನ್ನೂ ಜೊತೆಗಿಡಬೇಕೆಂಬ ಆಸೆಯಿದೆ.

ಅನುಭವಿಗಳಿಂದ ತಿಳಿಯಬೇಕಾದದ್ದು ಹಲವಿದೆ. ಪುಸ್ತಕ ಒಬ್ಬರಿಂದ ಒಬ್ಬರಿಗೆ ನೇರವಾಗಿ ಹೋಗುವುದು ಒಳ್ಳೆಯದೋ, ಅಥವಾ ಪ್ರತಿ ಸಲವೂ ನನಗೆ ಮರಳಿ ಬಂದು ಮತ್ತೆ ಹೊರಡುವುದು ಕ್ಷೇಮವೋ? ಹೆಸರು ಕೊಟ್ಟವರ ಸರದಿಯನ್ನು ಅವರು ಕೇಳಿಕೊಂಡ ಕ್ರಮದಲ್ಲೇ ಇಡಬೇಕೇ? ಗಡಿ ದಾಟುವಾಗ ಸುಂಕದವರು ಹಳೆಯ ಪುಸ್ತಕವೊಂದಕ್ಕೂ ತೆರಿಗೆ ಕೇಳುತ್ತಾರೆಯೇ? ಅಂಚೆಯಲ್ಲಿ ಕಳೆದುಹೋದರೆ ಅದಕ್ಕೆ ನಾನು ಮಾನಸಿಕವಾಗಿ ಸಿದ್ಧನಾಗಿದ್ದೇನೆ. ಆದರೆ ತಪ್ಪಿಸಬಹುದಾದ ಕಾರಣಕ್ಕೆ ಕಳೆದುಹೋಗಬಾರದು ಎಂಬುದಷ್ಟೇ ನನ್ನ ಕಾಳಜಿ.

ಪುಟಗುರುತು

ಧೂಮಕೇತು ಅವರೇ, ನಾನು ಇಂತಹ ಸರದಿಗಳನ್ನು ಬಹಳ ವರ್ಷಗಳಿಂದ ನಡೆಸಿಕೊಂಡು ಬಂದವನು. ಮೊದಲಿಗೇ ಹೇಳಬೇಕಾದ ಮಾತೆಂದರೆ, ನೀವು ಅಂಚೆಗೆ ಹೆದರುತ್ತಿದ್ದೀರಿ, ಹೆದರಬೇಕಾದದ್ದು ಓದುಗರ ಮೇಜಿಗೆ. ಪುಸ್ತಕಗಳು ದಾರಿಯಲ್ಲಿ ಕಳೆದುಹೋಗುವುದು ಉಂಟು, ಆದರೆ ನಾನು ಕಂಡ ಮಟ್ಟಿಗೆ ನಿಂತುಹೋದ ಸರದಿಗಳಲ್ಲಿ ಹೆಚ್ಚಿನವು ನಿಂತದ್ದು ಯಾರದೋ ಮನೆಯಲ್ಲಿ, "ಬರುವ ವಾರ ಕಳುಹಿಸುತ್ತೇನೆ" ಎಂಬ ಮಾತಿನ ಮೇಲೆ. ಹಾಗೆ ಹೇಳುವವರು ಕೆಟ್ಟವರಲ್ಲ. ಓದಿ ಮುಗಿಸಿದ ಮೇಲೆ ಮುಂದಿನವರ ವಿಳಾಸ ಕೇಳಬೇಕು, ಉತ್ತರಕ್ಕೆ ಕಾಯಬೇಕು, ಅಷ್ಟರಲ್ಲಿ ಬೇರೊಂದು ಕೆಲಸ ಬಂದು ಪುಸ್ತಕ ಕಾಗದಪತ್ರಗಳ ಅಡಿಗೆ ಸೇರುತ್ತದೆ. ಈ ಒಂದು ಹಂತವನ್ನು ಸರಿಪಡಿಸಿದರೆ ಅರ್ಧ ಗೆದ್ದಂತೆಯೇ.

ಅದಕ್ಕೆ ನಾನು ಪಾಲಿಸುವ ಕ್ರಮ ಹೀಗಿದೆ. ಪುಸ್ತಕ ಕೈಸೇರಿದ ದಿನವೇ, ಓದಲು ಆರಂಭಿಸುವ ಮೊದಲು, ಓದುಗರು ನನಗೆ "ತಲುಪಿತು" ಎಂದು ತಿಳಿಸುತ್ತಾರೆ. ನಾನು ಕೂಡಲೇ ಮುಂದಿನವರನ್ನು ಸಂಪರ್ಕಿಸಿ, ಅವರು ಈಗಲೂ ಓದಲು ಸಿದ್ಧರಿದ್ದಾರೆಯೇ, ವಿಳಾಸ ಬದಲಾಗಿದೆಯೇ, ಮುಂದಿನ ತಿಂಗಳು ಊರಿನಲ್ಲಿರುತ್ತಾರೆಯೇ ಎಂದು ಕೇಳಿ, ಅವರ ವಿಳಾಸವನ್ನು ಈಗ ಪುಸ್ತಕ ಹಿಡಿದಿರುವವರಿಗೆ ಮಾತ್ರ ಕಳುಹಿಸುತ್ತೇನೆ. ಹೀಗೆ ಮಾಡಿದರೆ ಕೊನೆಯ ಪುಟ ಮಗುಚುವ ಹೊತ್ತಿಗೆ ವಿಳಾಸ ಬರೆದ ಲಕೋಟೆ ಪಕ್ಕದಲ್ಲೇ ಸಿದ್ಧವಾಗಿರುತ್ತದೆ. ಎಲ್ಲರ ವಿಳಾಸಗಳ ಪಟ್ಟಿಯನ್ನು ಮಾತ್ರ ಪುಸ್ತಕದೊಳಗೆ ಎಂದಿಗೂ ಇಡಬೇಡಿ. ಅದು ಯಾರ ಕೈಗೆ ಸಿಗುತ್ತದೆಂದು ಹೇಳಲಾಗದು.

ಇನ್ನು ಲೆಕ್ಕ ನೋಡಿ. ಹನ್ನೆರಡು ಓದುಗರು, ಒಬ್ಬೊಬ್ಬರಿಗೆ ಓದಲು ನಾಲ್ಕು ವಾರ, ಅಂಚೆಗೆ ಮೂರು ವಾರ ಎಂದಿಟ್ಟುಕೊಂಡರೂ ಎಂಬತ್ತನಾಲ್ಕು ವಾರಗಳಾಗುತ್ತವೆ, ಎಂದರೆ ಒಂದೂವರೆ ವರ್ಷಕ್ಕೂ ಹೆಚ್ಚು. ನೀವು ಸೂಚಿಸಿದಂತೆ ಪ್ರತಿ ಸಲವೂ ನಿಮಗೆ ಮರಳಿ ಬರುವುದಾದರೆ ಅಂಚೆಯ ಕಾಲವೂ ವೆಚ್ಚವೂ ಇಮ್ಮಡಿಯಾಗಿ, ಸರದಿ ಎರಡು ವರ್ಷಗಳನ್ನು ದಾಟುತ್ತದೆ. ಕೊನೆಯವರಿಗೆ ಅಷ್ಟರಲ್ಲಿ ಈ ಪುಸ್ತಕ ಕೇಳಿದ್ದೇ ಮರೆತಿರುತ್ತದೆ. ಆದ್ದರಿಂದ ನೇರವಾಗಿ ಮುಂದಿನವರಿಗೆ ಕಳುಹಿಸುವುದೇ ಸೂಕ್ತ. 2001ರಲ್ಲಿ ಆರಂಭವಾದ ಬುಕ್‌ಕ್ರಾಸಿಂಗ್ ಬಳಗದವರು ಇದನ್ನೇ ಎರಡು ಬಗೆಯಲ್ಲಿ ನಡೆಸುತ್ತಾರೆ: ಕೊನೆಗೆ ಒಡೆಯನಿಗೆ ಮರಳುವುದು ಬುಕ್‌ರಿಂಗ್, ಮರಳದೆ ಮುಂದೆ ಮುಂದೆ ಹೋಗುತ್ತಲೇ ಇರುವುದು ಬುಕ್‌ರೇ. ಅವರಲ್ಲಿ ಪ್ರತಿ ಪುಸ್ತಕದ ಮೇಲೂ ಒಂದು ಗುರುತಿನ ಸಂಖ್ಯೆ ಇರುತ್ತದೆ, ಸಿಕ್ಕವರು ಅದನ್ನು ಜಾಲತಾಣದಲ್ಲಿ ನಮೂದಿಸಿದರೆ ಪುಸ್ತಕ ಎಲ್ಲಿದೆ ಎಂಬುದು ಉಳಿದವರಿಗೂ ತಿಳಿಯುತ್ತದೆ. ನಿಮ್ಮ ಗುಂಪು ಚಿಕ್ಕದಾದ್ದರಿಂದ ಅಷ್ಟು ಏರ್ಪಾಡು ಬೇಕಾಗಿಲ್ಲ.

ಸರದಿಯ ಕ್ರಮದ ವಿಷಯದಲ್ಲಿ ನನ್ನದು ಖಚಿತವಾದ ಅಭಿಪ್ರಾಯ: ಮೊದಲು ಕೇಳಿದವರಿಗೆ ಮೊದಲು ಎಂಬುದು ನ್ಯಾಯವೆನಿಸಿದರೂ, ಖರ್ಚಿನ ದೃಷ್ಟಿಯಿಂದ ಅನ್ಯಾಯ. ಸಾಮಾನ್ಯವಾಗಿ ಪಡೆದವರೇ ಮುಂದಿನ ಅಂಚೆವೆಚ್ಚವನ್ನು ಕೊಡುತ್ತಾರೆ. ಕೇಳಿದ ಕ್ರಮವನ್ನೇ ಹಿಡಿದರೆ ಪುಸ್ತಕ ಜಪಾನಿನಿಂದ ಬ್ರೆಜಿಲ್‌ಗೆ, ಅಲ್ಲಿಂದ ಕೊರಿಯಾಕ್ಕೆ, ಮತ್ತೆ ಅರ್ಜೆಂಟೀನಾಕ್ಕೆ ಎಂದು ಸಾಗರಗಳನ್ನು ಸುಮ್ಮನೆ ದಾಟುತ್ತಿರುತ್ತದೆ. ಒಂದೇ ದೇಶದವರನ್ನು ಒಟ್ಟಿಗಿಟ್ಟರೆ ಅಲ್ಲಿನ ಒಳನಾಡಿನ ಅಗ್ಗದ ದರ ದೊರೆಯುತ್ತದೆ. ಹಲವು ದೇಶಗಳಲ್ಲಿ ಪುಸ್ತಕಗಳಿಗೆಂದೇ ಇರುವ ಕಡಿಮೆ ದರ ಗಡಿಯೊಳಗೆ ಮಾತ್ರ ಅನ್ವಯಿಸುತ್ತದೆ. ಅಮೆರಿಕದ ಮೀಡಿಯಾ ಮೇಲ್ ಅದಕ್ಕೆ ಒಳ್ಳೆಯ ಉದಾಹರಣೆ. 1938ರಲ್ಲಿ ಪುಸ್ತಕಗಳ ವಿಶೇಷ ದರವಾಗಿ ಆರಂಭವಾದ ಅದು ಇಂದಿಗೂ ಒಳನಾಡಿಗಷ್ಟೇ ಸೀಮಿತ. ಹಿಂದೆ ಹಡಗಿನಲ್ಲಿ ಹೋಗುವ ಅಗ್ಗದ ಅಂಚೆಯಾದರೂ ಇತ್ತು. 2007ರಲ್ಲಿ ಅಮೆರಿಕ ಹೊರದೇಶಗಳಿಗೆ ಆ ಸೇವೆಯನ್ನು ನಿಲ್ಲಿಸಿತು, ಅಲ್ಲಿಂದ ಹೊರಡುವ ಪ್ರತಿ ಪುಸ್ತಕವೂ ಈಗ ವಿಮಾನದ ದರವನ್ನೇ ತೆರಬೇಕು. ಸರದಿಯಲ್ಲಿ ಅಮೆರಿಕದವರು ಮೂವರಿದ್ದರೆ ಅವರೊಳಗೆ ಓದು ಮುಗಿದ ಮೇಲೆ ಒಂದೇ ಸಲ ಗಡಿ ದಾಟಲಿ.

ದುಬಾರಿ ಜಿಗಿತ ಯಾರ ಪಾಲಿಗೆ ಬೀಳುತ್ತದೆ ಎಂಬುದನ್ನು ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಒಪ್ಪದಿದ್ದರೆ ಆ ಒಂದು ಜಿಗಿತದ ವೆಚ್ಚವನ್ನು ಎಲ್ಲರೂ ಹಂಚಿಕೊಳ್ಳಬಹುದು. ಇದನ್ನು ಮೊದಲೇ ಮಾತನಾಡದೆ ಬಿಟ್ಟರೆ, ಆ ಓದುಗರು ಅಂಚೆ ಕಚೇರಿಯ ಕಿಟಕಿಯಲ್ಲಿ ದರ ಕೇಳಿ ಮರಳಿ ಮನೆಗೆ ಹೋಗುತ್ತಾರೆ, ನಾನು ಮೇಲೆ ಹೇಳಿದ ಮೇಜಿನ ಕಥೆ ಅಲ್ಲಿಂದಲೇ ಶುರುವಾಗುತ್ತದೆ.

ಮುದ್ರೆ

ಸುಂಕದ ಬಗ್ಗೆ ಕೇಳಿದ್ದೀರಿ. ಪುಟಗುರುತು ಅವರು ಹೇಳಿದ ಭೌಗೋಳಿಕ ಕ್ರಮಕ್ಕೆ ಇದೂ ಒಂದು ಬಲವಾದ ಕಾರಣ.

ಪುಸ್ತಕದ ಮೇಲೆ ಆಮದು ಸುಂಕ ಸಾಮಾನ್ಯವಾಗಿ ಸಮಸ್ಯೆಯಾಗುವುದಿಲ್ಲ. 1950ರಲ್ಲಿ ಯುನೆಸ್ಕೊ ಫ್ಲಾರೆನ್ಸ್‌ನಲ್ಲಿ ಅಂಗೀಕರಿಸಿದ ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳು ಪುಸ್ತಕಗಳಿಗೆ ಆಮದು ಸುಂಕ ವಿಧಿಸುವುದಿಲ್ಲವೆಂದು ಒಪ್ಪಿಕೊಂಡಿವೆ. ಆದರೆ ಆ ಒಪ್ಪಂದ ದೇಶದೊಳಗಿನ ಮಾರಾಟ ತೆರಿಗೆಯಂಥವನ್ನು ತಡೆಯುವುದಿಲ್ಲ, ತೊಡಕು ಇರುವುದು ಅಲ್ಲಿಯೇ. ಐರೋಪ್ಯ ಒಕ್ಕೂಟದಲ್ಲಿ 22 ಯೂರೊ ಬೆಲೆಯವರೆಗಿನ ವಸ್ತುಗಳಿಗೆ ಇದ್ದ ಮೌಲ್ಯವರ್ಧಿತ ತೆರಿಗೆಯ ವಿನಾಯಿತಿ 2021ರ ಜುಲೈ 1ರಂದು ಕೊನೆಗೊಂಡಿತು. ಒಬ್ಬ ಖಾಸಗಿ ವ್ಯಕ್ತಿ ಇನ್ನೊಬ್ಬ ಖಾಸಗಿ ವ್ಯಕ್ತಿಗೆ ಹಣ ಪಡೆಯದೆ ಕಳುಹಿಸುವ 45 ಯೂರೊವರೆಗಿನ ಉಡುಗೊರೆಗೆ ಮಾತ್ರ ವಿನಾಯಿತಿ ಉಳಿದಿದೆ. ತೆರಿಗೆ ಅಲ್ಪವಾಗಿದ್ದರೂ, ಅದನ್ನು ವಸೂಲು ಮಾಡಿದ್ದಕ್ಕೆ ಅಂಚೆಯವರು ಹಾಕುವ ನಿರ್ವಹಣಾ ಶುಲ್ಕ ಹಳೆಯ ಪುಸ್ತಕದ ಬೆಲೆಯನ್ನೇ ಮೀರುವುದುಂಟು. ಆದ್ದರಿಂದ ಒಕ್ಕೂಟದೊಳಗಿನ ಓದುಗರೆಲ್ಲರನ್ನೂ ಒಂದೇ ಸಾಲಿನಲ್ಲಿ ಇರಿಸಿ. ಜರ್ಮನಿಯಿಂದ ಪೋಲೆಂಡಿಗೆ, ಅಲ್ಲಿಂದ ಪೋರ್ಚುಗಲ್ಲಿಗೆ ಹೋಗುವ ಪುಸ್ತಕಕ್ಕೆ ಸುಂಕದ ನಮೂನೆಯೇ ಬೇಕಿಲ್ಲ. ನಾರ್ವೆ, ಸ್ವಿಟ್ಜರ್‌ಲ್ಯಾಂಡ್‌ಗಳು ಒಕ್ಕೂಟದ ಹೊರಗಿವೆ ಎಂಬುದು ನೆನಪಿರಲಿ. 2021ರ ಆರಂಭದಿಂದ ಗ್ರೇಟ್ ಬ್ರಿಟನ್ ಕೂಡ ಆ ಬೇಲಿಯ ಆಚೆಗಿದೆ.

ಗಡಿ ದಾಟುವಾಗ ಪೊಟ್ಟಣದ ಮೇಲೆ ಸಿಎನ್ 22 ಎಂಬ ಚಿಕ್ಕ ನಮೂನೆಯನ್ನು ಅಂಟಿಸಬೇಕಾಗುತ್ತದೆ. ಅದರಲ್ಲಿ ಬರೆಯುವ ಒಂದು ಸಾಲು ಬಹಳ ಮುಖ್ಯ. "ಪುಸ್ತಕ" ಎಂದಷ್ಟೇ ಬರೆಯದೆ, "ಬಳಸಿದ ಮುದ್ರಿತ ಪುಸ್ತಕ, ಒಂದು" ಎಂದು ಆ ದೇಶದವರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆಯಿರಿ. ಸರಕಿನ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಮುದ್ರಿತ ಪುಸ್ತಕಗಳ ಶೀರ್ಷಿಕೆ 4901, ಕಾದಂಬರಿಯಂಥ ಪುಸ್ತಕಗಳು ಬರುವುದು 4901.99ರ ಅಡಿಯಲ್ಲಿ. ಆ ಸಂಖ್ಯೆಯನ್ನೂ ನಮೂದಿಸಿದರೆ ಪರೀಕ್ಷಿಸುವವರ ಕೆಲಸ ಸುಲಭವಾಗುತ್ತದೆ. ಬೆಲೆಯ ಜಾಗದಲ್ಲಿ ಸೊನ್ನೆ ಹಾಕಬೇಡಿ. ಸೊನ್ನೆ ಕಂಡರೆ ಅನುಮಾನ ಬರುತ್ತದೆ, ಪೊಟ್ಟಣ ಪಕ್ಕಕ್ಕೆ ಹೋಗುತ್ತದೆ. ಹಳೆಯ ಪ್ರತಿಗೆ ನಿಜವಾಗಿ ಎಷ್ಟು ಬರಬಹುದೋ ಅಷ್ಟನ್ನು ಪ್ರಾಮಾಣಿಕವಾಗಿ ಬರೆಯಿರಿ. ಉಡುಗೊರೆ, ದಾಖಲೆ, ಮಾರಾಟದ ಸರಕು, ಇತರೆ ಎಂಬ ಚೌಕಗಳಲ್ಲಿ ಯಾವುದಕ್ಕೆ ಗುರುತು ಹಾಕಬೇಕೆಂಬ ಪ್ರಶ್ನೆ ಬರುತ್ತದೆ. ಹಣವಿಲ್ಲದೆ ಒಬ್ಬರು ಇನ್ನೊಬ್ಬರಿಗೆ ಕೊಟ್ಟು, ಪಡೆದವರು ಅದನ್ನು ಕೊಟ್ಟವರಿಗೆ ಮರಳಿಸದೆ ಮುಂದೆ ಸಾಗಿಸುವುದರಿಂದ ಉಡುಗೊರೆ ಎಂಬುದೇ ಸತ್ಯಕ್ಕೆ ಹತ್ತಿರ ಎಂಬುದು ನನ್ನ ಅಭಿಪ್ರಾಯ. ಮಾರಾಟ ಎಂಬುದಂತೂ ಅಲ್ಲವೇ ಅಲ್ಲ.

2021ರ ಜನವರಿ 1ರಿಂದ ಸರಕು ಇರುವ ಅಂತರರಾಷ್ಟ್ರೀಯ ಅಂಚೆಗೆ ಈ ವಿವರಗಳನ್ನು ವಿದ್ಯುನ್ಮಾನ ರೂಪದಲ್ಲಿ ಮುಂಚಿತವಾಗಿ ಕಳುಹಿಸುವುದು ಕಡ್ಡಾಯವಾಗಿದೆ. ಕೈಬರಹದ ನಮೂನೆ ಅಂಟಿಸಿ ಡಬ್ಬಿಗೆ ಹಾಕಿ ಬರುವ ಕಾಲ ಮುಗಿಯಿತೆಂದೇ ತಿಳಿಯಿರಿ. ಅಂಚೆಯವರ ಜಾಲತಾಣದಲ್ಲೋ ಕಿಟಕಿಯಲ್ಲೋ ವಿವರ ದಾಖಲಾಗಲೇಬೇಕು. ದಾಖಲಾದ ಮೇಲೆ ಹದಿಮೂರು ಅಕ್ಷರಾಂಕಗಳ ಸಂಖ್ಯೆ ಸಿಗುತ್ತದೆ. ಮೊದಲ ಎರಡು ಅಕ್ಷರ ಸೇವೆಯ ಬಗೆಯನ್ನೂ, ಕೊನೆಯ ಎರಡು ಅಕ್ಷರ ಕಳುಹಿಸಿದ ದೇಶವನ್ನೂ ಹೇಳುತ್ತವೆ. ನಡುವಿನ ಒಂಬತ್ತು ಅಂಕಿಗಳಲ್ಲಿ ಕೊನೆಯದು ತಾಳೆ ನೋಡುವ ಅಂಕಿ, ಒಂದು ಅಂಕಿ ತಪ್ಪಿ ಬರೆದರೂ ಗಣಕ ಸಾಮಾನ್ಯವಾಗಿ ಹಿಡಿದುಬಿಡುತ್ತದೆ. ಕಳುಹಿಸಿದವರು ರಸೀದಿಯ ಚಿತ್ರವನ್ನು ನಿಮಗೂ ಪಡೆಯುವವರಿಗೂ ಕಳುಹಿಸುವುದು ನಿಯಮವಾಗಲಿ. ಆದರೆ ಈ ಸಂಖ್ಯೆ ಸಿಕ್ಕ ಮಾತ್ರಕ್ಕೆ ಕೊನೆಯವರೆಗೂ ಪೊಟ್ಟಣದ ಜಾಡು ಸಿಗುತ್ತದೆಂದು ಭಾವಿಸಬೇಡಿ, ಅಗ್ಗದ ಸೇವೆಗಳಲ್ಲಿ ದೇಶ ಬಿಟ್ಟ ಮೇಲೆ ಸುದ್ದಿ ನಿಂತುಹೋಗುವುದು ಸಾಮಾನ್ಯ.

ನಿಮ್ಮ ನೋಟ್‌ಬುಕ್ಕಿನ ಬಗ್ಗೆ ಒಂದು ಮಾತು. ದೇಶಗಳ ನಡುವಿನ ಅಂಚೆಯ ನಿಯಮಗಳನ್ನು ರೂಪಿಸುವ ವಿಶ್ವ ಅಂಚೆ ಒಕ್ಕೂಟದ ವ್ಯವಸ್ಥೆಯಲ್ಲಿ ಪುಸ್ತಕಗಳನ್ನು "ಮುದ್ರಿತ ವಸ್ತು" ಎಂಬ ವರ್ಗದಲ್ಲಿ 5 ಕಿಲೋವರೆಗೆ ಕಳುಹಿಸಬಹುದು, ಆ ದರವಿರುವ ದೇಶಗಳಲ್ಲಿ ಅದು ಸಣ್ಣ ಪೊಟ್ಟಣದ ದರಕ್ಕಿಂತ ಅಗ್ಗವಾಗಿರುವ ಸಂಭವ ಹೆಚ್ಚು. ಆದರೆ ಆ ವರ್ಗದಲ್ಲಿ ಖಾಸಗಿ ಪತ್ರವ್ಯವಹಾರ ಇರಕೂಡದು. ಕೈಬರಹದ ಅನಿಸಿಕೆಗಳು ತುಂಬಿದ ನೋಟ್‌ಬುಕ್ಕನ್ನು ತೆರೆದು ನೋಡಿದ ಸಿಬ್ಬಂದಿ ಅದನ್ನು ಪತ್ರವೆಂದೇ ಎಣಿಸಬಹುದು. ಅಗ್ಗದ ದರ ಬೇಕೆಂದರೆ ನೋಟ್‌ಬುಕ್ ಬೇಡ, ನೋಟ್‌ಬುಕ್ ಬೇಕೆಂದರೆ ಸಣ್ಣ ಪೊಟ್ಟಣದ ದರ ತೆರಲು ಸಿದ್ಧರಾಗಿರಿ. ಅದರ ಮಿತಿ 2 ಕಿಲೋ, ನಿಮಗೆ ಅಷ್ಟು ಬೇಕಾದಷ್ಟಾಯಿತು.

ಪ್ರತಿ ಜಿಗಿತಕ್ಕೂ ಮುನ್ನ ಆ ದೇಶಕ್ಕೆ ಅಂಚೆ ಹೋಗುತ್ತಿದೆಯೇ ಎಂದು ವಿಚಾರಿಸುವುದನ್ನು ಮರೆಯಬೇಡಿ. 2020ರಲ್ಲಿ ವಿಮಾನಗಳು ನಿಂತಾಗ ಎಷ್ಟೋ ದೇಶಗಳಿಗೆ ಅಂಚೆ ಸ್ವೀಕಾರವೇ ನಿಂತಿತ್ತು. 2025ರ ಆಗಸ್ಟ್ 29ರಿಂದ ಅಮೆರಿಕ 800 ಡಾಲರ್‌ವರೆಗಿನ ಸರಕುಗಳಿಗಿದ್ದ ಸುಂಕ ವಿನಾಯಿತಿಯನ್ನು ರದ್ದುಮಾಡಿದಾಗಲೂ ಹಲವು ದೇಶಗಳ ಅಂಚೆ ಇಲಾಖೆಗಳು ಅಲ್ಲಿಗೆ ಪೊಟ್ಟಣಗಳನ್ನು ಕೆಲಕಾಲ ಸ್ವೀಕರಿಸಲಿಲ್ಲ.

ಹಳೆಯ ಸಂಚಿಕೆ

ಪುಟಗುರುತು ಅವರು ನೇರ ಸರದಿಯನ್ನು ಅಷ್ಟು ನಿಸ್ಸಂದೇಹವಾಗಿ ಎತ್ತಿಹಿಡಿದಿರುವುದನ್ನು ಪೂರ್ತಿ ಒಪ್ಪಲಾರೆ. ಒಬ್ಬರ ನಂತರ ಒಬ್ಬರೆಂಬ ಸಾಲಿನಲ್ಲಿ ಒಂದು ಕೊಂಡಿ ಕಳಚಿದರೆ ಅದರ ಮುಂದಿನವರೆಲ್ಲರೂ ವಂಚಿತರಾಗುತ್ತಾರೆ. ವೈಜ್ಞಾನಿಕ ಕಥೆಗಳ ಓದುಗರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು.

ಅಮೆರಿಕದ ಪ್ರಕಾಶಕ ಹ್ಯೂಗೊ ಗರ್ನ್ಸ್‌ಬ್ಯಾಕ್ 1926ರ ಏಪ್ರಿಲ್‌ನಲ್ಲಿ ಅಮೇಜಿಂಗ್ ಸ್ಟೋರೀಸ್ ಎಂಬ ವೈಜ್ಞಾನಿಕ ಕಥೆಗಳ ಪತ್ರಿಕೆಯನ್ನು ಆರಂಭಿಸಿದ ಮೇಲೆ, ಅದರ ಓದುಗರ ಪತ್ರಗಳ ಅಂಕಣದಲ್ಲಿ ಬರೆದವರ ಪೂರ್ಣ ವಿಳಾಸವನ್ನೂ ಅಚ್ಚು ಹಾಕುತ್ತಿದ್ದರು. ಒಬ್ಬರನ್ನೊಬ್ಬರು ಕಾಣದ ಓದುಗರು ಆ ವಿಳಾಸಗಳನ್ನು ಹಿಡಿದು ನೇರವಾಗಿ ಪತ್ರ ಬರೆದುಕೊಳ್ಳತೊಡಗಿದರು. ಹಾಗೆ ಹುಟ್ಟಿದ ಪತ್ರವ್ಯವಹಾರದ ಕೂಟವೊಂದು 1930ರ ಮೇ ತಿಂಗಳಲ್ಲಿ ಹೊರತಂದ ದಿ ಕಾಮೆಟ್ ಎಂಬ ಪತ್ರಿಕೆಯನ್ನೇ ಈ ಕ್ಷೇತ್ರದ ಮೊದಲ ಅಭಿಮಾನಿ ಪತ್ರಿಕೆಯೆಂದು ಗುರುತಿಸಲಾಗುತ್ತದೆ. 1937ರಲ್ಲಿ ಅಂಥದೇ ಅಭಿಮಾನಿ ಡೊನಾಲ್ಡ್ ವೊಲ್‌ಹೈಮ್ ಮತ್ತು ಗೆಳೆಯರು ಫ್ಯಾಂಟಸಿ ಅಮೆಚೂರ್ ಪ್ರೆಸ್ ಅಸೋಸಿಯೇಷನ್ ಎಂಬ ಹವ್ಯಾಸಿ ಬರಹಗಾರರ ಕೂಟ ಕಟ್ಟಿದಾಗ, ಪ್ರತಿಯೊಬ್ಬ ಸದಸ್ಯರೂ ತಮ್ಮ ಬರಹದ ಪ್ರತಿಗಳನ್ನು ಒಬ್ಬ ಸಂಪಾದಕರಿಗೆ ಕಳುಹಿಸಬೇಕು, ಅವರು ಎಲ್ಲವನ್ನೂ ಒಂದೊಂದು ಕಟ್ಟಾಗಿ ಮಾಡಿ ಎಲ್ಲರಿಗೂ ಅಂಚೆಯಲ್ಲಿ ಹಂಚಬೇಕು ಎಂಬ ಏರ್ಪಾಡು ಮಾಡಿಕೊಂಡರು. ನಡುವೆ ಒಬ್ಬರು ನಿಂತು ಹಂಚಿದ್ದರಿಂದ, ಒಬ್ಬ ಸದಸ್ಯ ಸೋಮಾರಿಯಾದರೆ ಅವನ ಬರಹ ಮಾತ್ರ ತಪ್ಪುತ್ತಿತ್ತು, ಕಟ್ಟು ನಿಲ್ಲುತ್ತಿರಲಿಲ್ಲ. ಬ್ರಿಟನ್ನು ಡಾಲರ್ ಉಳಿಸುವ ಸಲುವಾಗಿ ಯುದ್ಧಕಾಲದಲ್ಲೂ ಆನಂತರವೂ ಅಮೆರಿಕದ ಪತ್ರಿಕೆಗಳ ಆಮದಿಗೆ ತಡೆಯೊಡ್ಡಿದ್ದಾಗ, ಅಲ್ಲಿನ ಓದುಗರ ಹಸಿವನ್ನು ಸ್ವಲ್ಪವಾದರೂ ತಣಿಸಿದ್ದು ಸಾಗರದಾಚೆಯ ಗೆಳೆಯರು ಅಂಚೆಯಲ್ಲಿ ಕಳುಹಿಸುತ್ತಿದ್ದ ಪ್ರತಿಗಳೇ.

ಪ್ರತಿ ಸಲವೂ ಕೇಂದ್ರಕ್ಕೆ ಮರಳುವುದು ದುಬಾರಿ ಎಂಬುದನ್ನು ಒಪ್ಪುತ್ತೇನೆ. ಹಾಗಾದರೆ ನಡುದಾರಿಯೊಂದಿದೆ. ಇನ್ನೊಂದು ಪ್ರತಿ ಎಲ್ಲಿಯಾದರೂ ಸಿಕ್ಕರೆ ಕೊಂಡು, ಆರಾರು ಮಂದಿಯ ಎರಡು ಸಾಲುಗಳನ್ನು ಮಾಡಿ. ಪುಟಗುರುತು ಅವರ ಲೆಕ್ಕವನ್ನೇ ಹಿಡಿದರೂ ನಲವತ್ತೆರಡು ವಾರಗಳಲ್ಲಿ ಎರಡೂ ಮುಗಿಯುತ್ತವೆ, ಒಂದು ನಿಂತರೆ ಇನ್ನೊಂದು ಅದರ ಉಳಿದ ಓದುಗರನ್ನು ತಲುಪಬಹುದು. ಹನ್ನೆರಡು ಮಂದಿ ಸೇರಿ ಒಂದು ಹಳೆಯ ಪ್ರತಿ ಕೊಳ್ಳುವುದು ಯಾರಿಗೂ ಹೊರೆಯಾಗಲಾರದು.

ಪುಟಗುರುತು

ಎರಡು ಪ್ರತಿಗಳ ಸಲಹೆಯನ್ನು ಸಂತೋಷದಿಂದ ಒಪ್ಪುತ್ತೇನೆ. ಆರು ಮಂದಿಗಿಂತ ಉದ್ದವಾದ ಸಾಲನ್ನು ನಾನೂ ಇತ್ತೀಚೆಗೆ ಮಾಡುತ್ತಿಲ್ಲ. ಆದರೆ ಸಂಪಾದಕರ ಮಾದರಿ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಅಲ್ಲಿ ಹಂಚುತ್ತಿದ್ದುದು ಹಲವು ಪ್ರತಿಗಳನ್ನು, ಇಲ್ಲಿರುವುದು ಒಂದೇ. ಇಲ್ಲಿ ಕೇಂದ್ರದಲ್ಲಿರಬೇಕಾದದ್ದು ಸುದ್ದಿ ಮಾತ್ರ, ಪುಸ್ತಕ ಹಾದಿಯಲ್ಲಿಯೇ ಇರಲಿ.

ಧೂಮಕೇತು

ಎಲ್ಲರಿಗೂ ವಂದನೆಗಳು. ಎರಡನೆಯ ಪ್ರತಿಗಾಗಿ ಹುಡುಕಾಟ ಆರಂಭಿಸಿದ್ದೇನೆ. ಇನ್ನೆರಡು ಸಂದೇಹಗಳಿವೆ. ಅನಿಸಿಕೆಗಳನ್ನು ಪುಸ್ತಕದ ಅಂಚಿನಲ್ಲೇ ಬರೆಯಲು ಬಿಟ್ಟರೆ ನೋಟ್‌ಬುಕ್ಕಿನ ತೊಡಕು ತಪ್ಪುತ್ತದೆಯಲ್ಲವೇ? ಹಾಗೆಯೇ, ಇಷ್ಟು ಕೈ ಬದಲಾಗುವ ಪುಸ್ತಕವನ್ನು ಹೇಗೆ ಕಟ್ಟಿ ಕಳುಹಿಸಬೇಕು? ನನ್ನ ಗೆಳೆಯರೊಬ್ಬರು, ಇಷ್ಟೆಲ್ಲ ತೊಂದರೆ ಏಕೆ, ಸ್ಕ್ಯಾನ್ ಮಾಡಿ ಎಲ್ಲರಿಗೂ ಕಳುಹಿಸಿಬಿಡಿ ಎಂದರು. ಅದು ನನಗೆ ಸರಿಕಾಣಲಿಲ್ಲ, ಆದರೆ ಏಕೆ ಸರಿಯಲ್ಲ ಎಂದು ಅವರಿಗೆ ವಿವರಿಸಲು ಆಗಲಿಲ್ಲ.

ಅನುಬಂಧ

ಕೊನೆಯ ಪ್ರಶ್ನೆಗೆ ಚಿಕ್ಕದಾಗಿ ಉತ್ತರಿಸುತ್ತೇನೆ. ಕೊಂಡ ಮುದ್ರಿತ ಪ್ರತಿಯನ್ನು ಕೊಡಲು, ಮಾರಲು, ಓದಲು ಕೊಡಲು ಒಡೆಯನಿಗೆ ಹಕ್ಕಿದೆ, ಏಕೆಂದರೆ ಆ ಪ್ರತಿಯನ್ನು ಹಂಚುವ ವಿಷಯದಲ್ಲಿ ಪ್ರಕಾಶಕರ ಹಕ್ಕು ಮೊದಲ ಮಾರಾಟದೊಂದಿಗೆ ತೀರಿಹೋಗುತ್ತದೆ. ಹೊರದೇಶದಲ್ಲಿ ಕಾನೂನುಬದ್ಧವಾಗಿ ಅಚ್ಚಾದ ಪುಸ್ತಕಗಳಿಗೂ ಇದು ಸಲ್ಲುತ್ತದೆಂದು ಅಮೆರಿಕದ ಸುಪ್ರೀಂ ಕೋರ್ಟ್ 2013ರಲ್ಲಿ ಕರ್ಟ್‌ಸೇಂಗ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಐರೋಪ್ಯ ಒಕ್ಕೂಟದಲ್ಲಿ ಎರವಲು ಕೊಡುವ ಹಕ್ಕಿನ ನಿಯಮಗಳಿರುವುದು ಸಾರ್ವಜನಿಕರಿಗೆ ತೆರೆದಿರುವ ಸಂಸ್ಥೆಗಳಿಗೆ, ಗೆಳೆಯರ ನಡುವಿನ ಕೊಡುಕೊಳ್ಳುವಿಕೆಗಲ್ಲ.

ಸ್ಕ್ಯಾನ್ ಮಾಡಿದರೆ ನೀವು ಪ್ರತಿಯನ್ನು ದಾಟಿಸುತ್ತಿಲ್ಲ, ಹೊಸ ಪ್ರತಿಗಳನ್ನು ಸೃಷ್ಟಿಸುತ್ತಿದ್ದೀರಿ. ಆ ಹಕ್ಕು ಲೇಖಕರದ್ದು, ಅಥವಾ ಅವರ ವಾರಸುದಾರರದ್ದು. ಮರುಮುದ್ರಣವಾಗಿಲ್ಲ ಎಂಬ ಮಾತ್ರಕ್ಕೆ ಅದು ತೀರುವುದಿಲ್ಲ. ದುಡ್ಡು ಕೊಟ್ಟು ಕೊಂಡ ಇ-ಪುಸ್ತಕವನ್ನು ಮರುಮಾರಾಟ ಮಾಡುವುದಕ್ಕೂ ಅನುಮತಿ ಬೇಕೆಂದು ಐರೋಪ್ಯ ನ್ಯಾಯಾಲಯ 2019ರ ಡಿಸೆಂಬರ್‌ನಲ್ಲಿ ಟಾಮ್ ಕ್ಯಾಬಿನೆಟ್ ಪ್ರಕರಣದಲ್ಲಿ ಹೇಳಿದೆ. ಹಾಗಿರುವಾಗ ಸ್ಕ್ಯಾನ್ ಪ್ರತಿಯ ಮಾತೇ ಇಲ್ಲ.

ಪುಟಗುರುತು

ಅಂಚಿನ ಬರಹದ ಬಗ್ಗೆ ನನ್ನದು ಸ್ವಲ್ಪ ಪಕ್ಷಪಾತದ ಅಭಿಪ್ರಾಯ, ಏಕೆಂದರೆ ಸರದಿಯ ಅರ್ಧ ಸುಖ ಅದರಲ್ಲೇ ಇದೆ ಎಂದು ನಂಬಿದವನು ನಾನು. ವೈಜ್ಞಾನಿಕ ಕಾದಂಬರಿಯ ಓದುಗರು ಲೆಕ್ಕ ಹಾಕದೆ ಬಿಡುವವರಲ್ಲ. ಹೀಗೆ ಸುತ್ತಿದ ಒಂದು ಪುಸ್ತಕದಲ್ಲಿ, ನೌಕೆ ಬೆಳಕಿನ ಹತ್ತನೇ ಒಂದು ಭಾಗದಷ್ಟು ವೇಗದಲ್ಲಿ ಪ್ರಾಕ್ಸಿಮಾ ಸೆಂಟಾರಿ ನಕ್ಷತ್ರವನ್ನು ಇಪ್ಪತ್ತು ವರ್ಷಗಳಲ್ಲಿ ತಲುಪಿತು ಎಂಬ ವಾಕ್ಯದ ಪಕ್ಕದಲ್ಲಿ ಒಬ್ಬರು ಪೆನ್ಸಿಲ್ಲಿನಲ್ಲಿ "4.24 ಜ್ಯೋತಿರ್ವರ್ಷ, ಆದ್ದರಿಂದ ನಲವತ್ತೆರಡು ವರ್ಷಗಳಿಗೂ ಹೆಚ್ಚು" ಎಂದು ಬರೆದಿದ್ದರು. ಅದರ ಕೆಳಗೆ ಇನ್ನೊಬ್ಬರು "ನೌಕೆಯ ಗಡಿಯಾರದಲ್ಲಿಯೋ?" ಎಂದು ಕೇಳಿದ್ದರು. ಮೂರನೆಯವರು, ಆ ವೇಗದಲ್ಲಿ ಕಾಲದ ಹಿಗ್ಗುವಿಕೆ, ಎಂದರೆ ಓಡುವ ನೌಕೆಯ ಗಡಿಯಾರ ನಿಧಾನವಾಗುವುದು, ಶೇಕಡಾ ಅರ್ಧದಷ್ಟು ಮಾತ್ರ, ಅದರಿಂದ ಲೇಖಕರು ಬಚಾವಾಗಲಾರರು ಎಂದು ತೀರ್ಪು ಕೊಟ್ಟಿದ್ದರು. ಮೂವರೂ ಮೂರು ಖಂಡಗಳವರು.

ಆದರೆ ಎರಡು ಕಟ್ಟುಪಾಡು ಬೇಕು. ಒಂದು, ಪೆನ್ಸಿಲ್ ಮಾತ್ರ. ಶಾಯಿ ತೆಳು ಕಾಗದದ ಹಿಂಬದಿಗೆ ಇಳಿಯುತ್ತದೆ, ಅಂಟುಚೀಟಿಗಳು ತಿಂಗಳುಗಟ್ಟಲೆ ಇದ್ದರೆ ಅಂಟಿನ ಕಲೆ ಬಿಡುತ್ತವೆ. ಎರಡು, ಆ ಪುಟದವರೆಗಿನ ಕಥೆಗೆ ಸಂಬಂಧಿಸಿದ್ದನ್ನಷ್ಟೇ ಆ ಪುಟದಲ್ಲಿ ಬರೆಯಬೇಕು. ನೌಕೆ ನಿಜವಾಗಿ ಎಲ್ಲಿಗೆ ಹೋಗುತ್ತಿದೆ ಎಂಬ ಗುಟ್ಟನ್ನು ನಲವತ್ತನೇ ಪುಟದಲ್ಲಿ ಬಯಲು ಮಾಡಿದ ಓದುಗರಿಂದಾಗಿ ಒಂದು ಸರದಿಯಲ್ಲಿ ಜಗಳವೇ ಆಯಿತು. ಇಡೀ ಕೃತಿಯ ಬಗೆಗಿನ ಮಾತುಗಳಿಗೆ ಕೊನೆಯ ಖಾಲಿ ಹಾಳೆಗಳಿವೆ. ಮುದ್ರೆ ಅವರು ಹೇಳಿದ ನಿಯಮದ ದೃಷ್ಟಿಯಿಂದ ಅಂಚಿನ ಟಿಪ್ಪಣಿ ಇರುವ ಹಳೆಯ ಪುಸ್ತಕ ಪತ್ರದಂತೆ ಕಾಣುವುದಿಲ್ಲವಾದರೂ, "ಪ್ರಿಯ ಮಿತ್ರರೇ" ಎಂದು ಆರಂಭವಾಗುವ ಚೀಟಿಯನ್ನು ಒಳಗಿಡಬೇಡಿ. ಸ್ವಂತ ಪ್ರತಿ ಹಾಗೇ ಉಳಿಯಬೇಕೆಂಬ ಆಸೆ ನಿಮಗಿದ್ದರೆ ಕೊಳ್ಳುವ ಎರಡನೆಯ ಪ್ರತಿಯಲ್ಲಿ ಮಾತ್ರ ಬರೆಯಲು ಬಿಡಿ.

ಕಟ್ಟುವ ವಿಧಾನ: ಪುಸ್ತಕವನ್ನು ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಮಡಿಸಿ, ಹೊದಿಕೆಗಿಂತ ಬೆರಳಗಲ ದೊಡ್ಡದಾದ ಎರಡು ರಟ್ಟುಗಳ ನಡುವೆ ಇಟ್ಟು ಕಟ್ಟಿ, ಆಮೇಲೆ ಲಕೋಟೆಗೆ ಸೇರಿಸಿ. ಗುಳ್ಳೆ ಹಾಳೆಯ ಲಕೋಟೆಯೊಂದನ್ನೇ ನಂಬಿದರೆ ಪುಸ್ತಕದ ಮೂಲೆಗಳು ಜಜ್ಜಿಹೋಗುತ್ತವೆ. ಟೇಪು ಪ್ಲಾಸ್ಟಿಕ್ಕಿಗೆ ಅಂಟಲಿ, ಪುಸ್ತಕಕ್ಕೆ ತಾಗದಿರಲಿ. ಮುಂದಿನವರು ಕತ್ತರಿ ಹಾಕುವಾಗ ಹೊದಿಕೆಯನ್ನೂ ಕತ್ತರಿಸುವ ಅಪಾಯ ತಪ್ಪುತ್ತದೆ. ಆ ರಟ್ಟುಗಳು ಪುಸ್ತಕದ ಜೊತೆಗೇ ಪ್ರಯಾಣ ಮಾಡಲಿ, ಪ್ರತಿಯೊಬ್ಬರೂ ಹೊಸದನ್ನು ಹುಡುಕಬೇಕಾಗಿಲ್ಲ. ನಿಮ್ಮದು ಅಂಟಿನ ಬೈಂಡಿಂಗ್ ಆದ್ದರಿಂದ ಇನ್ನೊಂದು ಎಚ್ಚರಿಕೆ: ಚಳಿಯಲ್ಲಿ ಅಂಟು ಪೆಡಸಾಗುತ್ತದೆ. ಹಿಮ ಬೀಳುವ ದೇಶದಲ್ಲಿ ಅಂಚೆಯವರು ಈಗಷ್ಟೇ ತಂದುಕೊಟ್ಟ ಪುಸ್ತಕವನ್ನು ಆತುರದಿಂದ ಅಗಲವಾಗಿ ತೆರೆದರೆ ಬೆನ್ನು ಸೀಳಿ ಹಾಳೆಗಳು ಕಳಚುತ್ತವೆ. ಒಂದು ರಾತ್ರಿ ಪೊಟ್ಟಣದಲ್ಲೇ ಕೋಣೆಯ ಬಿಸುಪಿಗೆ ಬರಲು ಬಿಟ್ಟರೆ ಅಂಟೂ ಮೆದುವಾಗುತ್ತದೆ, ತಣ್ಣಗಿನ ಕಾಗದದ ಮೇಲೆ ತೇವವೂ ಕೂರುವುದಿಲ್ಲ.

ಸ್ಪರ್ಶಲಿಪಿ

ತಡವಾಗಿ ಈ ಚರ್ಚೆಯನ್ನು ನೋಡಿದೆ. ಈ ಬಗೆಯ ಸರದಿಗಳಲ್ಲಿ ದೃಷ್ಟಿಹೀನ ಓದುಗರು ಭಾಗವಹಿಸಲಾರರೆಂದು ಹೆಚ್ಚಿನವರು ತಿಳಿದಿರುತ್ತಾರೆ. ವಾಸ್ತವವಾಗಿ ಅಂಚೆಯ ನಿಯಮಗಳು ನಮ್ಮ ಪರವಾಗಿಯೇ ಇವೆ: ಅಂಧರಿಗಾಗಿ ಕಳುಹಿಸುವ ಬ್ರೈಲ್ ಪುಸ್ತಕಗಳಿಗೆ ವಿಶ್ವ ಅಂಚೆ ಒಕ್ಕೂಟದ ಒಪ್ಪಂದದಡಿ 7 ಕಿಲೋವರೆಗೆ ಅಂಚೆವೆಚ್ಚದ ವಿನಾಯಿತಿ ಇದೆ, ವಿಮಾನದ ಹೆಚ್ಚುವರಿ ದರ ಮಾತ್ರ ಬೀಳಬಹುದು. ತೊಡಕಿರುವುದು ಪ್ರತಿಯನ್ನು ದೊರಕಿಸಿಕೊಳ್ಳುವುದರಲ್ಲಿ. 2013ರಲ್ಲಿ ಅಂಗೀಕಾರಗೊಂಡು 2016ರ ಸೆಪ್ಟೆಂಬರ್ 30ರಂದು ಜಾರಿಗೆ ಬಂದ ಮರಾಕೇಶ್ ಒಪ್ಪಂದದ ಪ್ರಕಾರ, ಅಧಿಕೃತ ಸಂಸ್ಥೆಗಳು ಲೇಖಕರ ಪ್ರತ್ಯೇಕ ಅನುಮತಿಯಿಲ್ಲದೆ ಬ್ರೈಲ್ ಪ್ರತಿ ಸಿದ್ಧಪಡಿಸಿ, ಒಪ್ಪಂದ ಮಾಡಿಕೊಂಡ ಇತರ ದೇಶಗಳಿಗೂ ಕಳುಹಿಸಬಹುದು. ನಿಮ್ಮ ಪುಸ್ತಕ ಈ ಸುತ್ತು ಮುಗಿಸಿದ ಮೇಲೆ, ಅದನ್ನು ಇಂತಹ ಒಂದು ಗ್ರಂಥಾಲಯಕ್ಕೆ ಕೆಲದಿನ ಎರವಲು ಕೊಡಲು ಒಪ್ಪುವಿರಾ?

ಧೂಮಕೇತು

ಖಂಡಿತವಾಗಿ ಒಪ್ಪುತ್ತೇನೆ. ಸುತ್ತು ಮುಗಿಯುವವರೆಗೂ ಕಾಯಬೇಕಾಗಿಲ್ಲ, ಎರಡನೆಯ ಪ್ರತಿ ಸಿಕ್ಕಿದ ಕೂಡಲೇ ಮೊದಲಿಗೆ ನೀವು ಹೇಳುವ ಗ್ರಂಥಾಲಯಕ್ಕೇ ಕಳುಹಿಸಿ, ಅಲ್ಲಿಂದ ಸರದಿಗೆ ಹಾಕಬಹುದು. ಯಾವ ಗ್ರಂಥಾಲಯವೆಂದು ಖಾಸಗಿ ಸಂದೇಶದಲ್ಲಿ ತಿಳಿಸಿ.

ಉಳಿದಂತೆ ಹೀಗೆ ತೀರ್ಮಾನಿಸಿದ್ದೇನೆ. ನನ್ನ ಪ್ರತಿ ಐರೋಪ್ಯ ಒಕ್ಕೂಟದ ಐವರ ನಡುವೆ ಸುತ್ತಿ, ಕೊನೆಗೆ ಬ್ರಿಟನ್ನಿನ ಓದುಗರನ್ನು ತಲುಪಿ, ಅಲ್ಲಿಂದ ನನಗೆ ಮರಳುತ್ತದೆ. ಅದರ ಅಂಚಿನಲ್ಲಿ ಬರೆಯುವಂತಿಲ್ಲ. ಎರಡನೆಯ ಪ್ರತಿ ಉಳಿದವರಿಗೆ, ಅಮೆರಿಕದ ಮೂವರು ಒಟ್ಟಿಗೆ, ಪೆನ್ಸಿಲ್ಲಿಗೆ ಪೂರ್ಣ ಸ್ವಾತಂತ್ರ್ಯ. ನೋಟ್‌ಬುಕ್ಕಿನ ಯೋಚನೆಯನ್ನು ಕೈಬಿಟ್ಟಿದ್ದೇನೆ. ಬ್ರಿಟನ್ನಿನಿಂದ ಹೊರಡುವ ದುಬಾರಿ ಜಿಗಿತವನ್ನು ನಾನೇ ಭರಿಸುತ್ತೇನೆ. ಹೆಸರು ಕೊಟ್ಟವರು ಪುಸ್ತಕ ಯಾವ ತಿಂಗಳುಗಳಲ್ಲಿ ಬರಬಾರದು ಎಂಬುದನ್ನು ಈ ವಾರದೊಳಗೆ ತಿಳಿಸಿದರೆ ಸರದಿಯನ್ನು ಹೊಂದಿಸಲು ಅನುಕೂಲವಾಗುತ್ತದೆ. ವಿಳಾಸಗಳನ್ನು ದಯವಿಟ್ಟು ಇಲ್ಲಿ ಬರೆಯಬೇಡಿ.